ಸುದರ್ಶನ ಎಂಬ ಹೆಸರು

2025ರ ಆಗಸ್ಟ್ 15ರಂದು ಪ್ರಧಾನಿ ನರೇಂದ್ರ ಮೋದಿಯವರು ಕೆಂಪುಕೋಟೆಯಿಂದ ‘ಮಿಷನ್ ಸುದರ್ಶನ ಚಕ್ರ’ ಘೋಷಿಸಿದರು. 2035ರ ಹೊತ್ತಿಗೆ ದೇಶದ ಮುಖ್ಯ ತಾಣಗಳಿಗೆಲ್ಲ ರಕ್ಷಣೆ ಒದಗಿಸುವುದು ಗುರಿ. ರಷ್ಯಾದ ಎಸ್-400 ಕ್ಷಿಪಣಿ ವ್ಯವಸ್ಥೆಯನ್ನು ನಮ್ಮಲ್ಲಿ ಅದಾಗಲೇ ಸುದರ್ಶನ ಎಂದು ಕರೆಯುತ್ತಿದ್ದರು. ಭಾಷಣದಲ್ಲಿ ಪ್ರಧಾನಿ ನೆನೆದದ್ದು ಸೈಂಧವ ವಧೆಯನ್ನು: ಕೃಷ್ಣ ಚಕ್ರದಿಂದ ಸೂರ್ಯನನ್ನು ಮರೆಮಾಡಿದ, ಅರ್ಜುನನ ಪ್ರತಿಜ್ಞೆ ಈಡೇರಿತು.

ಕುಮಾರವ್ಯಾಸನ ಊರೆಂದು ಹೇಳುವ ಕೋಳಿವಾಡ ಇರುವುದು ನಮ್ಮ ಹುಬ್ಬಳ್ಳಿ ತಾಲ್ಲೂಕಿನಲ್ಲಿ. ಗದುಗಿನ ಭಾರತವನ್ನು ಕೇಳುತ್ತ ಬಂದ ಈ ಸೀಮೆಯವರಿಗೆ ಹೋಲಿಕೆಯಲ್ಲೇನೋ ತಿರುವುಮುರುವಾಗಿದೆ ಅನ್ನಿಸದೆ ಇರದು. ಆ ದಿನ ರಕ್ಷಣೆಗೆ ನಿಂತವನು ಕೃಷ್ಣನಲ್ಲ, ದ್ರೋಣ. ವ್ಯೂಹದೊಳಗೊಂದು ವ್ಯೂಹ ಕಟ್ಟಿ, ಕೊನೆಯ ಪದರದಲ್ಲಿ ಸೈಂಧವನನ್ನು ಬಚ್ಚಿಟ್ಟ. ಸೂರ್ಯ ಮುಳುಗುವವರೆಗೆ ಒಬ್ಬನನ್ನು ಕಾಯುವುದಷ್ಟೇ ಕೆಲಸ. ಚಕ್ರ ಅದನ್ನು ಕೆಡಿಸಿತು. ಪದರ ಪದರವಾಗಿ ಕಟ್ಟಿದ ರಕ್ಷಣೆ ಒಂದು ಉಪಾಯಕ್ಕೆ ಸೋತ ಕತೆಯನ್ನೇ ನಾವು ರಕ್ಷಣಾ ಯೋಜನೆಯ ಹೆಸರಿಗೆ ಆರಿಸಿಕೊಂಡಿದ್ದೇವೆ.

ಹೆಸರಿನಲ್ಲೇನಿದೆ ಎನ್ನಬಹುದು. ಸುದರ್ಶನ ಗುರಿ ತಪ್ಪುವುದಿಲ್ಲ, ಎಸೆದವನ ಕೈಗೆ ಮರಳಿ ಬರುತ್ತದೆ. ಹಾರಿಸಿದ ಕ್ಷಿಪಣಿ ಮರಳುವುದಿಲ್ಲ. ಈ ಹೆಸರು ಕೇಳಿದವರು ಲೆಕ್ಕ ಕೇಳುವುದನ್ನೇ ಮರೆಯುತ್ತಾರೆ. ನನ್ನ ತಕರಾರು ಅದು.

ಲೆಕ್ಕದ ಕತೆ ಬೇಕಿದ್ದರೆ ಅದೇ ದಿನದ ರಾತ್ರಿಯಲ್ಲಿದೆ. ಅರ್ಜುನನಿಗೆಂದು ಕರ್ಣ ಕಾಯ್ದಿಟ್ಟ ಶಕ್ತ್ಯಾಯುಧ ಒಮ್ಮೆ ಮಾತ್ರ ಬಳಸುವಂಥದ್ದು. ಘಟೋತ್ಕಚನ ಹಾವಳಿಗೆ ಕೌರವ ಸೇನೆ ಗೋಗರೆದಾಗ ಅವನ ಮೇಲೆ ಬಿಟ್ಟ. ಪಾಂಡವರು ಅಳುತ್ತಿದ್ದರೆ ಕೃಷ್ಣ ಹಿಗ್ಗಿದ. ಕ್ರೂರವಾದ ಹಿಗ್ಗು, ಆದರೆ ಲೆಕ್ಕ ಸರಿಯಾಗಿತ್ತು. 2025ರ ಮೇ 8ರ ರಾತ್ರಿ ಪಾಕಿಸ್ತಾನ 36 ಕಡೆ ಸುಮಾರು 300ರಿಂದ 400 ಡ್ರೋನ್ ಕಳಿಸಿತೆಂದೂ ನಮ್ಮ ವಾಯುರಕ್ಷಣೆಯನ್ನು ಪರೀಕ್ಷಿಸುವುದು ಅದರ ಉದ್ದೇಶವಾಗಿರಬಹುದೆಂದೂ ಭಾರತ ಹೇಳಿತು. ಅಂದರೆ ಘಟೋತ್ಕಚರನ್ನು ಕಳಿಸಿದ್ದರು. ನಮ್ಮವರು ಕರ್ಣನಂತೆ ಮಾಡಲಿಲ್ಲ. ಡ್ರೋನುಗಳ ಮೇಲೆ ಎಲ್-70ಯಂಥ ಹಳೆಯ ತೋಪುಗಳನ್ನೂ ಬಳಸಿದರು. ಆ ದಿನಗಳ ನಿಜವಾದ ಜಾಣತನ ನನಗೆ ಕಾಣುವುದು ಅಲ್ಲಿ. ಟಿವಿಯವರಿಗೆ ಮಾತ್ರ ಹಳೆಯ ತೋಪಿನಲ್ಲಿ ಯಾವ ಪುರಾಣವೂ ಕಾಣಲಿಲ್ಲ.

ಹಾಗಾದರೆ ಎಸ್-400 ಎಷ್ಟು ಕೆಲಸ ಮಾಡಿತು? ಆಗಸ್ಟ್ 9ರಂದು ಬೆಂಗಳೂರಿನ ಉಪನ್ಯಾಸವೊಂದರಲ್ಲಿ ವಾಯುಪಡೆ ಮುಖ್ಯಸ್ಥ ಎ. ಪಿ. ಸಿಂಗ್ ಅವರು ಐದು ಯುದ್ಧವಿಮಾನಗಳನ್ನೂ ಒಂದು ದೊಡ್ಡ ವಿಮಾನವನ್ನೂ ಹೊಡೆದುರುಳಿಸಿದ್ದಾಗಿ ಹೇಳಿದರು. ದೊಡ್ಡದನ್ನು ಹೊಡೆದದ್ದು ಸುಮಾರು 300 ಕಿಲೋಮೀಟರ್ ದೂರದಿಂದ. ಪಾಕಿಸ್ತಾನ ಅಲ್ಲಗಳೆಯಿತು. ಯಾರನ್ನು ನಂಬಬೇಕೆಂಬುದಕ್ಕಿಂತ ಯಾವಾಗ ನಂಬಬೇಕೆಂಬುದು ಮುಖ್ಯ. 1991ರ ಕೊಲ್ಲಿ ಯುದ್ಧದಲ್ಲಿ ಪೇಟ್ರಿಯಟ್ ಎದುರಿಸಿದ 42 ಸ್ಕಡ್‌ಗಳಲ್ಲಿ 41ನ್ನು ತಡೆಯಿತೆಂದು ಅಧ್ಯಕ್ಷ ಬುಷ್ ಹೇಳಿದ್ದರು. ಮರುವರ್ಷ ಅಮೆರಿಕದ್ದೇ ಲೆಕ್ಕಪರಿಶೋಧನಾ ಕಚೇರಿ, ಸಿಡಿತಲೆ ನಾಶವಾದದ್ದಕ್ಕೆ ಗಟ್ಟಿ ಸಾಕ್ಷ್ಯ ಇರುವುದು ಶೇಕಡಾ 9ರಷ್ಟು ಪ್ರಕರಣಗಳಲ್ಲಿ ಮಾತ್ರ ಎಂದಿತು. ಅಂಥದ್ದೊಂದು ಲೆಕ್ಕ ನಮ್ಮಲ್ಲೂ ಹೊರಬರಬೇಕು. ಅದನ್ನು ಕೇಳುವವರನ್ನು ದೇಶದ್ರೋಹಿ ಎನ್ನುವುದು ಈಗಿನ ಚಾಳಿ, ಬಿಡಿ.

ಕತೆಯಲ್ಲಿ ಇನ್ನೂ ಒಂದಿದೆ. ಶಕ್ತ್ಯಾಯುಧ ಕರ್ಣನಿಗೆ ಪುಕ್ಕಟೆ ಸಿಗಲಿಲ್ಲ. ಮೈಗಂಟಿದ ಕವಚ ಕಿತ್ತು ಕೊಟ್ಟ. ಬಳಸಿದ ಮೇಲೆ ಅದು ಮರಳುವುದು ಕೊಟ್ಟ ಇಂದ್ರನ ಬಳಿಗೆ. ಭಾರತ 2018ರ ಅಕ್ಟೋಬರ್‌ನಲ್ಲಿ 5.43 ಬಿಲಿಯನ್ ಡಾಲರ್‌ಗೆ ಐದು ಎಸ್-400 ಘಟಕಗಳ ಒಪ್ಪಂದ ಮಾಡಿಕೊಂಡಾಗ, ರಷ್ಯಾದ ಶಸ್ತ್ರ ಕೊಳ್ಳುವವರನ್ನು ದಂಡಿಸುವ ಅಮೆರಿಕದ 2017ರ ಕಾಯ್ದೆ ಎದುರಿಗಿತ್ತು. ಅದೇ ಎಸ್-400 ತರಿಸಿಕೊಂಡ ಟರ್ಕಿಯನ್ನು, ಅದು ನ್ಯಾಟೋ ಸದಸ್ಯನಾದರೂ, 2019ರಲ್ಲಿ ಎಫ್-35 ಯೋಜನೆಯಿಂದ ಹೊರಹಾಕಿದರು. 2020ರ ಡಿಸೆಂಬರ್‌ನಲ್ಲಿ ನಿರ್ಬಂಧ ಹೇರಿದರು. ನಮ್ಮ ಮೇಲೆ ಹೇರಲಿಲ್ಲ. ಚೀನಾದ ಎದುರು ನಾವು ಅವರಿಗೆ ಬೇಕಿದ್ದೇವೆ ಎಂಬುದೇ ಕಾರಣ; ಆ ಬೇಕಾಗುವಿಕೆ ಎಷ್ಟು ದಿನದ್ದೆಂದು ಯಾರೂ ಬರೆದುಕೊಟ್ಟಿಲ್ಲ. ಅತ್ತ ಮಾಸ್ಕೋ ಯುಕ್ರೇನ್ ಯುದ್ಧದಲ್ಲಿ ಮುಳುಗಿತು. ಐದರಲ್ಲಿ ಮೂರು ಘಟಕ ಬಂದ ಮೇಲೆ ಉಳಿದೆರಡಕ್ಕೆ ನಾವು ವರ್ಷಗಟ್ಟಲೆ ಕಾಯಬೇಕಾಯಿತು.