ಒಪ್ಪೊತ್ತು ಉಂಡರೆ ನೂರು ವರ್ಷವೇ?

ಸೋಮವಾರ ಮಾದಪ್ಪನ ಹೆಸರಲ್ಲಿ ಒಪ್ಪೊತ್ತು ಉಣ್ಣುವ ಮನೆಗಳು ಕೊಳ್ಳೇಗಾಲ, ಹನೂರು, ಯಳಂದೂರಿನಲ್ಲಿ ಇಂದಿಗೂ ಇವೆ. ಈಚೆಗೆ ಆ ವ್ರತಕ್ಕೆ ವಿಜ್ಞಾನದ ಮುದ್ರೆಯನ್ನೂ ಒತ್ತುತ್ತಿದ್ದಾರೆ: ಹಸಿದರೆ ಜೀವಕೋಶದೊಳಗೆ ‘ಆಯುಷ್ಯದ ಸ್ವಿಚ್’ ಹತ್ತಿಕೊಳ್ಳುತ್ತದಂತೆ, ಬಿಳಿಗಿರಿರಂಗನ ಬೆಟ್ಟದ ಸೋಲಿಗ ಹಿರಿಯರು ಗೆಡ್ಡೆ, ರಾಗಿ, ಜೇನು ತಿಂದು ನೂರು ದಾಟಿದ್ದೂ ಅದರಿಂದಲೇ ಅಂತೆ. ವ್ರತದ ಬಗ್ಗೆ ನನ್ನ ತಕರಾರಿಲ್ಲ, ಮುದ್ರೆಯ ಬಗ್ಗೆ ಇದೆ.

ಸ್ವಿಚ್ ಎಂದು ಕರೆಯುತ್ತಿರುವುದು ನ್ಯೂಕ್ಲಿಯರ್ ರಿಸೆಪ್ಟರ್ ಎಂಬ ಪ್ರೋಟೀನುಗಳನ್ನು. ಮನುಷ್ಯರಲ್ಲಿ ಇವು 48. ಕೊಬ್ಬಿನಾಮ್ಲವೋ ಪಿತ್ತಾಮ್ಲವೋ ಹಾರ್ಮೋನೋ ಬಂದು ಅಂಟಿದಾಗ ಯಾವ ವಂಶವಾಹಿ ದುಡಿಯಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ಇವು ನಿಯಂತ್ರಿಸುತ್ತವೆ. ಉಪವಾಸದಲ್ಲಿ ಮೈಕೊಬ್ಬು ಕರಗಿ ಯಕೃತ್ತಿಗೆ ಬಂದಾಗ ಪಿಪಿಎಆರ್-ಆಲ್ಫಾ ಎಂಬ ರಿಸೆಪ್ಟರ್ ಎಚ್ಚೆತ್ತು, ಅದನ್ನು ಸುಟ್ಟು ಕೀಟೋನ್ ಮಾಡುವ ಕೆಲಸ ಹಚ್ಚುತ್ತದೆ. ಇದಿಲ್ಲದ ಇಲಿಗಳು ಉಪವಾಸ ತಡೆಯಲಾರವೆಂದು 1999ರಲ್ಲೇ ಗೊತ್ತಾಯಿತು. ಇದರಿಂದ ಸಾಬೀತಾದದ್ದು ಹಸಿವನ್ನು ದಾಟುವ ಉಪಾಯ ಮೈಗಿದೆ ಎಂಬುದಷ್ಟೇ.

ಆಯುಷ್ಯದ ಮಾತು ಬಂದದ್ದು ಒಂದು ಮಿಲಿಮೀಟರ್ ಉದ್ದದ ಹುಳುವಿನಿಂದ. ಅದರ ಡಿಎಎಫ್-12 ರಿಸೆಪ್ಟರ್, ಆಹಾರವಿದ್ದರೆ ಮರಿಯನ್ನು ಬೆಳೆಯಬಿಡುತ್ತದೆ, ಬರ ಬಂದರೆ ಬೆಳವಣಿಗೆ ತಡೆದು ಕಾಯಿಸುತ್ತದೆ. ಅಂಡ, ವೀರ್ಯ ಹುಟ್ಟಿಸುವ ಕೋಶಗಳನ್ನು ತೆಗೆದ ಹುಳು ಹೆಚ್ಚು ದಿನ ಬದುಕಲು ಡಿಎಎಫ್-12 ಬೇಕೇ ಬೇಕು. ಇನ್ಸುಲಿನ್ ಸಂಕೇತ ಕುಗ್ಗಿದ ಕೆಲವು ತಳಿಗಳಲ್ಲಿ ಮಾತ್ರ ಅದೇ ಡಿಎಎಫ್-12 ಕೆಟ್ಟರೆ ಆಯುಷ್ಯ ಇನ್ನೂ ಹಿಗ್ಗುತ್ತದೆ! ಒಂದೇ ಪ್ರೋಟೀನು, ಎರಡು ಫಲ. ಇಲಿಗಳ ಕತೆಯೂ ಹಾಗೆಯೇ. 41 ತಳಿಗಳಿಗೆ ಆಹಾರವನ್ನು ಶೇ. 40ರಷ್ಟು ಇಳಿಸಿ ನೋಡಿದ 2010ರ ಅಧ್ಯಯನದಲ್ಲಿ ಆಯುಷ್ಯ ಹೆಚ್ಚಿದ ತಳಿಗಳಿಗಿಂತ ಕುಗ್ಗಿದ ತಳಿಗಳೇ ಜಾಸ್ತಿ.

ಉಪವಾಸ ಬೇಡ, ಮಾತ್ರೆಯಿಂದಲೇ ಸ್ವಿಚ್ ಒತ್ತೋಣ ಎನ್ನುವವರು ಪಯೊಗ್ಲಿಟಜೋನನ್ನು ನೆನೆಯಬೇಕು. ಪಿಪಿಎಆರ್-ಗಾಮಾ ಎಂಬ ಇನ್ನೊಂದು ರಿಸೆಪ್ಟರನ್ನು ಎಬ್ಬಿಸಿ ಸಕ್ಕರೆ ಇಳಿಸುವ ಈ ಮಾತ್ರೆಯನ್ನು ಮೂತ್ರಕೋಶದ ಕ್ಯಾನ್ಸರಿನ ಅಂಜಿಕೆಯಿಂದ ಭಾರತ ಸರ್ಕಾರ 2013ರ ಜೂನ್‌ನಲ್ಲಿ ನಿಲ್ಲಿಸಿತು, ಮರು ತಿಂಗಳೇ ಎಚ್ಚರಿಕೆಯ ಷರತ್ತಿನೊಡನೆ ಬಿಟ್ಟಿತು. ಮೈಯಲ್ಲಿ ನೀರು ನಿಲ್ಲುವುದು, ಹೆಂಗಸರಲ್ಲಿ ಮೂಳೆ ಮುರಿತ ಹೆಚ್ಚುವುದು ಅದರ ಗೊತ್ತಿರುವ ಅಡ್ಡಪರಿಣಾಮಗಳು. ಕೊಬ್ಬಿನಲ್ಲಿರುವ ರಿಸೆಪ್ಟರ್ ಮೂಳೆಯಲ್ಲೂ ಮೂತ್ರಪಿಂಡದಲ್ಲೂ ಇದೆ. ಒಂದು ಕಡೆ ಎಬ್ಬಿಸಿದರೆ ಉಳಿದ ಕಡೆಯೂ ಏಳುತ್ತದೆ.

ಇನ್ನು ಸೋಲಿಗರು. ನೂರು ದಾಟಿದ ಅಜ್ಜನ ಕತೆ ಊರಿಗೆಲ್ಲ ಗೊತ್ತು. ಹೆರಿಗೆಯಲ್ಲಿ ಹೋದ ತಾಯಿ, ಹಸುಗೂಸಾಗಿಯೇ ಹೋದ ಮಗು ಯಾರ ಲೆಕ್ಕಕ್ಕೂ ಇಲ್ಲ. ಹುಟ್ಟಿದ ದಿನ ಬರೆದಿಡದ ಕಾಲದ ವಯಸ್ಸನ್ನು ಪುರಾವೆ ಎನ್ನಲಾಗದು. 1974ರಲ್ಲಿ ಬೆಟ್ಟ ಅಭಯಾರಣ್ಯವಾಗಿ ಕುಮರಿ ಬೇಸಾಯ ನಿಂತಿತು, ಊಟದ ಬಗೆಯೂ ಬದಲಾಯಿತು. ಡಾ. ಎಚ್. ಸುದರ್ಶನ್ 1981ರಲ್ಲಿ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ್ದು ವೈದ್ಯರಿಲ್ಲದ ಕಾಡಿಗೆ ವೈದ್ಯ ಬೇಕಿತ್ತೆಂದೇ. ಗೆಡ್ಡೆ, ಜೇನು ಎಷ್ಟೇ ಒಳ್ಳೆಯವಾದರೂ ಸೋಲಿಗರಲ್ಲಿರುವ ಸಿಕಲ್ ಸೆಲ್ ಕಾಯಿಲೆಯನ್ನು ಅವು ತಡೆಯಲಿಲ್ಲ.

ಕೂತು ಉಣ್ಣುವವರ ಬೊಜ್ಜಿಗೆ ಒಪ್ಪೊತ್ತಿನಿಂದ ಲಾಭವಾದೀತು, ಒಪ್ಪುತ್ತೇನೆ. ಆದರೆ ಕೂಲಿ ಸಿಗದೆ ಒಂದೇ ಹೊತ್ತು ಉಣ್ಣುವವರಿಗೂ, ಸಕ್ಕರೆ ಮಾತ್ರೆ ನುಂಗಿ ಉಪವಾಸವಿರುವ ಅಜ್ಜಿಗೂ ಅದನ್ನೇ ದೀರ್ಘಾಯುಷ್ಯದ ಗುಟ್ಟೆಂದು ಬೋಧಿಸುವುದು ಹೊಣೆಗೇಡಿತನ. ಅಜ್ಜಿಯ ಸಕ್ಕರೆ ಅಪಾಯಕ್ಕಿಳಿಯಬಹುದು. ಕೂಲಿಯವರಿಗೆ ಬೇಕಾದದ್ದು ಎರಡನೆಯ ಹೊತ್ತಿನ ಊಟ.