ಬಾಟಲಿಯೊಳಗಿನ ಇಲಿ

‘ಎರಡು ನಿಮಿಷ ಅಪ್ಪಟ ಕೆನಡಾದ್ದು ಅನ್ನಿಸೋ ಥರ ಏನಾದ್ರೂ ಮಾಡಿ’ ಅಂತ ಟಿವಿಯವರು ‘ಎಸ್‌ಸಿಟಿವಿ’ ಹಾಸ್ಯತಂಡಕ್ಕೆ ಹೇಳಿದ್ರು. ತಗೊಳ್ಳಿ ಅಂತ ರಿಕ್ ಮೊರಾನಿಸ್, ಡೇವ್ ಥಾಮಸ್ ಉಣ್ಣೆ ಟೋಪಿ, ಬಿಯರ್, ಮಾತಿಗೊಂದು ‘ಏಯ್’ ಎಲ್ಲ ಗುಡ್ಡೆ ಹಾಕಿ ಬಾಬ್, ಡಗ್ ಎಂಬ ಪೆದ್ದ ಅಣ್ಣತಮ್ಮಂದಿರನ್ನು ಹುಟ್ಟಿಸಿದರು.

1983ರ ‘ಸ್ಟ್ರೇಂಜ್ ಬ್ರೂ’ ಇವರದೇ ಸಿನಿಮಾ. ಬಾಟಲಿಯಲ್ಲಿ ಇಲಿ ತೋರಿಸಿ ಪುಕ್ಕಟೆ ಬಿಯರ್ ಗಿಟ್ಟಿಸಲು ಹೊರಟವರು ಸೀದಾ ಹ್ಯಾಮ್ಲೆಟ್ ಕಥೆಯೊಳಗೆ ಬೀಳ್ತಾರೆ. ಬಿಯರ್ ಕಾರ್ಖಾನೆಯ ಹೆಸರು ಎಲ್ಸಿನೋರ್, ಸತ್ತ ಮಾಲೀಕನ ಭೂತವೂ ಉಂಟು. ಬರ್ಗ್‌ಮನ್ ಚಿತ್ರಗಳ ಗಂಭೀರ ನಟ ಮ್ಯಾಕ್ಸ್ ವಾನ್ ಸಿಡೋ ಇಲ್ಲಿ ಖಳ. ನಾಯಿ ಹಾರುತ್ತೆ! ಕಥೆ ಅಲ್ಲಲ್ಲಿ ಕುಂಟುತ್ತೆ, ನಿಜ. ಆದ್ರೆ ಈ ಪೆದ್ದರಲ್ಲಿ ಒಂಚೂರೂ ವಿಷ ಇಲ್ಲ. ಅದಕ್ಕೇ ಕೆನಡಾದವರಿಗೆ ಇವರು ಅವಮಾನ ಅನ್ನಿಸಲಿಲ್ಲ, ಮನೆಯವರೇ ಅನ್ನಿಸಿದರು.

‘ನಮ್ಮತನ ತೋರಿಸಿ’ ಅಂದವರಿಗೆ ಸಿಕ್ಕಿದ್ದು ಗೇಲಿ. ಆ ಗೇಲಿಗೆ 2020ರಲ್ಲಿ ಎಡ್ಮಂಟನ್ ನಗರದಲ್ಲಿ ಪ್ರತಿಮೆಯೇ ಎದ್ದಿತು.