ಮರಳಿ ಓದಿಸುವ ಪತ್ತೇದಾರರು

ಕೊಲೆಗಾರನಾರೆಂಬುದು ತಿಳಿದುಹೋದ ಮೇಲೆ ಪತ್ತೇದಾರಿ ಕಾದಂಬರಿಯಲ್ಲಿ ಉಳಿಯತಕ್ಕದ್ದು ಏನೂ ಇರಬಾರದು. ಆದರೂ ಕಡೆಯ ಪುಟದ ರಹಸ್ಯವನ್ನು ಬಲ್ಲ ಓದುಗನೇ ಅದೇ ಪುಸ್ತಕವನ್ನು ಮತ್ತೊಮ್ಮೆ ಕೈಗೆತ್ತಿಕೊಳ್ಳುವುದುಂಟು. ಅಥವಾ ಅದನ್ನು ಬದಿಗಿಟ್ಟು ಅದೇ ಪತ್ತೇದಾರನ ಇನ್ನೊಂದು ಸಾಹಸವನ್ನು ಅರಸಿ ಹೊರಡುವುದುಂಟು. ಮೇಲ್ನೋಟಕ್ಕೆ ಒಂದೇ ಆಗಿ ತೋರುವ ಈ ಎರಡು ಬಗೆಯ ಮರಳುವಿಕೆಗಳು ವಾಸ್ತವದಲ್ಲಿ ಭಿನ್ನವಾದವು. ಮೊದಲನೆಯದು ಕೃತಿಗೆ ಸಲ್ಲುವ ಗೌರವ, ಎರಡನೆಯದು ನಾಯಕನಿಗೆ ಸಲ್ಲುವ ಸ್ನೇಹ. ಕನ್ನಡದ ಪತ್ತೇದಾರಿ ಸಾಹಿತ್ಯದ ಗುಣದೋಷಗಳನ್ನು ವಿವೇಚಿಸುವವರು ಈ ಭೇದವನ್ನು ಮರೆತುದರಿಂದಲೇ ಅದನ್ನು ಕೆಲವರು ಒಟ್ಟಾಗಿ ಹೊಗಳಿಯೂ, ಕೆಲವರು ಒಟ್ಟಾಗಿ ತಳ್ಳಿಯೂ ಬಿಟ್ಟಿದ್ದಾರೆಂದು ನನಗೆ ತೋರುತ್ತದೆ.

ಸ್ನೇಹದ ಮಾತು ಬಂದಾಗ ಮೊದಲು ಸ್ಮರಿಸಬೇಕಾದವರು ಎನ್. ನರಸಿಂಹಯ್ಯನವರು. ನಾಲ್ಕನೆಯ ತರಗತಿಗೆ ಓದು ನಿಂತು, ಬಸ್ ಕಂಡಕ್ಟರಿಕೆಯೂ ಸೇರಿದಂತೆ ಹೊಟ್ಟೆಪಾಡಿನ ನಾನಾ ಕೆಲಸಗಳನ್ನು ಕೈಗೊಂಡಿದ್ದ ಇವರು, 1952ರಲ್ಲಿ ‘ಪತ್ತೇದಾರ ಪುರುಷೋತ್ತಮ’ನಿಂದ ಮೊದಲ್ಗೊಂಡು 2011ರಲ್ಲಿ ಕಾಲವಾಗುವ ವೇಳೆಗೆ 500ಕ್ಕೂ ಮಿಕ್ಕ ಕಾದಂಬರಿಗಳನ್ನು ರಚಿಸಿದ್ದರು. ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳಿರಾಯ ಎಂಬ ಅವರ ಪತ್ತೇದಾರರ ಹೆಸರುಗಳು, ಬರೆದವರ ಹೆಸರನ್ನು ಅರಿಯದವರ ನಾಲಗೆಯ ಮೇಲೂ ನಲಿದಾಡಿದುವು.

ಈ ಪುಸ್ತಕಗಳನ್ನು ಓದಿದ ಜನವಾದರೂ ಯಾರು? ದಾವಣಗೆರೆಯ ಹತ್ತಿಗಿರಣಿಗಳಲ್ಲಿಯೂ, 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿಯೂ ಪಾಳಿಯ ಮೇಲೆ ದುಡಿದು ಬಂದವರು, ಭಾನುವಳ್ಳಿಯಂತಹ ನಮ್ಮ ಹಳ್ಳಿಗಳಲ್ಲಿ ಮನೆತನಕ್ಕೇ ಮೊದಲಿಗರಾಗಿ ಅಕ್ಷರ ಕಲಿತವರು, ಸಂತೆಗೋ ಕಚೇರಿಗೋ ಹೋಗಿ ಹರಿಹರದ ನಿಲ್ದಾಣದಲ್ಲಿ ಬಸ್ಸಿಗೆ ಕಾಯುವವರು. ಇಂಥವರ ಮುಂದೆ ಮಹಾಕಾದಂಬರಿಯನ್ನಿರಿಸಿದ್ದರೆ ಹತ್ತನೆಯ ಪುಟಕ್ಕೇ ದಣಿಯುತ್ತಿದ್ದರೋ ಏನೋ. ಚಿಕ್ಕ ಚಿಕ್ಕ ವಾಕ್ಯಗಳು, ಪುಟಪುಟಕ್ಕೂ ಸಂಭಾಷಣೆ, ಪ್ರತಿ ಅಧ್ಯಾಯದ ಕೊನೆಯಲ್ಲೊಂದು ಕೌತುಕ, ಹೆಂಗಸರು ಮಕ್ಕಳ ಮುಂದೆ ಗಟ್ಟಿಯಾಗಿ ಓದಲು ಸಂಕೋಚವಿಲ್ಲದ ಸಭ್ಯತೆ—ಇಷ್ಟರಿಂದ ನರಸಿಂಹಯ್ಯನವರು ಅವರಿಗೆ ಒಂದು ಪುಸ್ತಕವನ್ನು ಆದ್ಯಂತವಾಗಿ ಓದಿ ಮುಗಿಸುವ ಧೈರ್ಯವನ್ನು ಕೊಟ್ಟರು. ಕನ್ನಡ ಚಳವಳಿಯ ಧುರೀಣರಾಗಿದ್ದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಗಳನ್ನು ಬರೆದರೆಂಬುದು ಇಲ್ಲಿ ಗಮನಾರ್ಹ. ಕನ್ನಡವನ್ನು ಓದುವವರಿಲ್ಲದೆ ಕನ್ನಡದ ಹೋರಾಟಕ್ಕೆ ಬಲವೆಲ್ಲಿಯದು?

ಆದರೆ ಉಪಕಾರಸ್ಮರಣೆಯು ವಿಮರ್ಶೆಯ ಸ್ಥಾನವನ್ನು ಆಕ್ರಮಿಸಬಾರದು. ನರಸಿಂಹಯ್ಯನವರ ಕಥೆಗಳಲ್ಲಿ ಪತ್ತೆಯು ತರ್ಕಕ್ಕಿಂತ ಹೆಚ್ಚಾಗಿ ಸಾಹಸ, ವೇಷಾಂತರ, ಆಕಸ್ಮಿಕಗಳನ್ನು ಅವಲಂಬಿಸಿರುತ್ತದೆ. ಕಾನನ್ ಡಾಯಲನ ಕಥೆಗಳಲ್ಲಿ ಪತ್ತೇದಾರ ಷರ್ಲಾಕ್ ಹೋಮ್ಸನ ಗೆಳೆಯನಾದ ವಾಟ್ಸನ್, ಹೋಮ್ಸನು ನೋಡಿದ್ದನ್ನೇ ತಾನೂ ನೋಡಿ, ಅದನ್ನು ನಮ್ಮೆದುರು ಹರಡಿ, ಅರ್ಥಮಾಡಿಕೊಳ್ಳದೆ ನಿಲ್ಲುತ್ತಾನೆ. ಅವನ ಪೆದ್ದುತನದಲ್ಲಿ ನಾವೂ ಪಾಲುದಾರರಾಗಿರುವುದರಿಂದ, ಉತ್ತರವನ್ನು ತಿಳಿದು ಮತ್ತೆ ಓದುವಾಗ ಸುಳಿವುಗಳು ಕಣ್ಣೆದುರಿಗೇ ಬಿದ್ದಿದ್ದುದನ್ನು ಕಂಡು ಸುಖಿಸುತ್ತೇವೆ. ಪುರುಷೋತ್ತಮನ ಕಥೆಯಲ್ಲಿ ಅಂತಹ ಜಾಗೆಗಳು ವಿರಳ. ಕೆಡುಕನು ಮೊದಲಿನಿಂದಲೂ ಕೆಡುಕನೇ, ಸಾಧ್ವಿಯು ಕಡೆಯವರೆಗೂ ಸಾಧ್ವಿಯೇ. ಎರಡನೆಯ ಓದಿಗೆ ಅವರು ಹೊಸದಾಗಿ ಹೇಳುವುದು ಸ್ವಲ್ಪ.

ಹಾಗಾದರೆ ಓದುಗರನ್ನು ಪುರುಷೋತ್ತಮನ ಬಳಿಗೆ ಮತ್ತೆ ಮತ್ತೆ ಕರೆತಂದುದೇನು? 1893ರಲ್ಲಿ ಹೋಮ್ಸನನ್ನು ಜಲಪಾತದ ಪ್ರಪಾತದಲ್ಲಿ ಕೊನೆಗಾಣಿಸಿದ ಡಾಯಲನು 1903ರಲ್ಲಿ ಅವನನ್ನು ಬದುಕಿಸಿ ತರಬೇಕಾಯಿತಷ್ಟೆ. ಓದುಗರಿಗೆ ಬೇಕಾಗಿದ್ದುದು ಇನ್ನೊಂದು ಒಗಟಾಗಿದ್ದರೆ ಅದನ್ನು ಬೇರಾವ ಪತ್ತೇದಾರನಾದರೂ ಒದಗಿಸಬಹುದಾಗಿತ್ತು. ಅವರಿಗೆ ಬೇಕಾಗಿದ್ದುದು ಆ ಮನುಷ್ಯನೇ. ಪುರುಷೋತ್ತಮನ ಸಂಗತಿಯೂ ಅಂಥದೇ. ಠಾಣೆಯ ಮೆಟ್ಟಿಲನ್ನು ಏರಲು ಅಂಜುವ, ಕೋರ್ಟಿನ ಅಲೆದಾಟದಲ್ಲಿ ಹೊಲವನ್ನೇ ಕಳೆದುಕೊಂಡವರನ್ನು ಕಂಡಿರುವ ಜನಕ್ಕೆ, ಲಂಚಕ್ಕೆ ಬಾಗದೆ, ಕನ್ನಡದಲ್ಲಿಯೇ ಮಾತನಾಡಿ, ಅಪರಾಧಿಯನ್ನು ಹಿಡಿದೇ ತೀರುವ ಒಬ್ಬ ಜಾಣನು ಲೋಕದಲ್ಲಿರುವನೆಂಬ ಭರವಸೆಯು ಸಾಮಾನ್ಯವಾದುದಲ್ಲ. ಅದು ತೀರದ ಹಸಿವು. ಆದುದರಿಂದಲೇ ಒಂದು ಪುಸ್ತಕ ಮುಗಿದೊಡನೆ ಮತ್ತೊಂದು ಬೇಕಾಗುತ್ತಿತ್ತು.

ಟಿ. ಕೆ. ರಾಮರಾಯರ ವಿಷಯ ಬೇರೆ. 1972ರಲ್ಲಿ ಚಲನಚಿತ್ರವಾಗಿ ನಾಡನ್ನೇ ಗೆದ್ದ ‘ಬಂಗಾರದ ಮನುಷ್ಯ’ದ ಮೂಲ ಕಾದಂಬರಿಕಾರರಾದ ಇವರು ಪತ್ತೇದಾರಿ ಬರವಣಿಗೆಗೂ ಅದೇ ಕೌಟುಂಬಿಕ ದೃಷ್ಟಿಯನ್ನು ತಂದರು. ಇವರ ಅತ್ಯುತ್ತಮ ಪುಟಗಳಲ್ಲಿ ಅಪರಾಧವು ಹೊರಗಿನಿಂದ ನುಗ್ಗಿದ ದುಷ್ಟನ ಕೃತ್ಯವಾಗಿರದೆ, ಒಂದು ಮನೆಯೊಳಗೆ ಬಹುಕಾಲದಿಂದ ಬಚ್ಚಿಟ್ಟುಕೊಂಡ ಲೋಭದ, ಅವಮಾನದ, ಪಾಪಭೀತಿಯ ಪರಿಪಾಕವಾಗಿರುತ್ತದೆ. ಕೊಂದವನಾರೆಂಬ ಪ್ರಶ್ನೆಗಿಂತ, ಅವನು ಕೊಲ್ಲುವ ಮಟ್ಟಕ್ಕೆ ಇಳಿದುದು ಹೇಗೆಂಬ ಪ್ರಶ್ನೆಯೇ ಪ್ರಧಾನವಾಗುವುದರಿಂದ, ಉತ್ತರ ತಿಳಿದ ಮೇಲೂ ಪುಸ್ತಕವು ಬರಿದಾಗುವುದಿಲ್ಲ. ಅತಿಭಾವುಕತೆಯೂ, ಕಾಕತಾಳೀಯವನ್ನು ನೆಚ್ಚುವ ಅಭ್ಯಾಸವೂ ಇವರನ್ನು ಪೂರ್ತಿಯಾಗಿ ಬಿಟ್ಟವಲ್ಲ; ಆದರೆ ಇವರಲ್ಲಿ ಓದುಗನು ಮರಳುವುದು ಅದೇ ಪುಸ್ತಕಕ್ಕೆ.

ಈ ದಾರಿಯು ಎಲ್ಲಿಗೆ ತಲಪಬಲ್ಲುದೆಂಬುದನ್ನು ಪೂರ್ಣಚಂದ್ರ ತೇಜಸ್ವಿಯವರ ‘ಜುಗಾರಿ ಕ್ರಾಸ್’ ತೋರಿಸಿತು. ಏಲಕ್ಕಿ ಮಾರಲು ಹೊರಟ ದಂಪತಿಗಳ ಒಂದು ದಿನದ ಪ್ರಯಾಣದಲ್ಲಿ, ಕಳ್ಳಸಾಗಣೆಯನ್ನೂ ಹಳೆಗನ್ನಡ ಕಾವ್ಯದೊಳಗಿನ ಒಗಟನ್ನೂ ಮಲೆನಾಡಿನ ವಿನಾಶವನ್ನೂ ಒಂದೇ ಎಳೆಯಲ್ಲಿ ಹೆಣೆದ ಆ ಕೃತಿಯು, ಕೌತುಕವು ಗಂಭೀರ ಸಾಹಿತ್ಯದ ವೈರಿಯಲ್ಲವೆಂದು ನಿಸ್ಸಂದೇಹವಾಗಿ ಸಾಧಿಸಿತು.

ಆದುದರಿಂದ ನನ್ನ ನಿರ್ಣಯವಿಷ್ಟೆ: ಓದುವವರನ್ನು ಸೃಷ್ಟಿಸಿದ ಕೀರ್ತಿ ನರಸಿಂಹಯ್ಯನವರದು, ಮರಳಿ ಓದತಕ್ಕ ಪುಸ್ತಕವನ್ನು ಕೊಟ್ಟ ಕೀರ್ತಿ ರಾಮರಾಯರದು; ಮೊದಲನೆಯದು ಹೆಚ್ಚಿನ ಸೇವೆ, ಎರಡನೆಯದು ಹೆಚ್ಚಿನ ಕಲೆ. ಆದರೆ ನರಸಿಂಹಯ್ಯನವರ ಆ 500ಕ್ಕೂ ಮಿಕ್ಕ ಕಾದಂಬರಿಗಳಲ್ಲಿ ಎಲ್ಲವೂ ಒಂದೇ ಮಟ್ಟದಲ್ಲಿರುವುದು ಅಸಂಭವ. ಅವುಗಳನ್ನು ಒಂದೊಂದಾಗಿ ಓದಿ, ಜಳ್ಳನ್ನು ತೂರಿ, ಉಳಿದ ಹತ್ತಿಪ್ಪತ್ತನ್ನು ಟಿಪ್ಪಣಿಗಳೊಡನೆ ಅಚ್ಚುಹಾಕಿಸಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿಗೆ ತಲಪಿಸುವುದು ಈಗ ವಿಮರ್ಶಕರು ಮಾಡಬೇಕಾದ ಕೆಲಸ. ಹೊಗಳಿಕೆಯೂ ತಿರಸ್ಕಾರವೂ ಆ ಶ್ರಮದಿಂದ ತಪ್ಪಿಸಿಕೊಳ್ಳುವ ಎರಡು ಸುಲಭೋಪಾಯಗಳು ಮಾತ್ರ.